ಮರಕೇಶ್‌ನಲ್ಲಿ ಇಬ್ಬರ ರಾತ್ರಿಯೂಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮದುವೆಯ ವಾರ್ಷಿಕೋತ್ಸವಕ್ಕೆ ನಾವಿಬ್ಬರೂ ಮೊರಾಕೊಗೆ ಹೊರಟಿದ್ದೇವೆ. ಮರಕೇಶ್‌ನ ಹಳೇ ಊರಿನಲ್ಲಿ ಒಂದು ರಾತ್ರಿ ದೊಡ್ಡ ರೆಸ್ಟೋರೆಂಟಿನಲ್ಲಿ ಉಣ್ಣುವ ಆಸೆ. ಮೆನುವಿನಲ್ಲಿ ಸಲಾಡ್, ಪಸ್ಟೀಲಾ, ತಾಜೀನ್ (ಮುಚ್ಚಳವಿರುವ ಮಣ್ಣಿನ ಪಾತ್ರೆಯಲ್ಲಿ ನಿಧಾನವಾಗಿ ಬೇಯಿಸಿದ ಅಡುಗೆ), ಕುಸ್ಕುಸ್ (ಹಬೆಯಲ್ಲಿ ಬೇಯಿಸಿದ ಗೋಧಿ ರವೆಯ ಸಣ್ಣ ಕಾಳು), ಸಿಹಿ, ಚಹಾ ಎಲ್ಲವೂ ಸಾಲಾಗಿವೆ. ಏನೇನು ಹೇಳಬೇಕು?

ಉತ್ತರ: ಎಲ್ಲವನ್ನೂ ಹೇಳಬೇಡಿ. ದುಂಡು ಮೇಜಿನ ಸುತ್ತ ಎಂಟು ಹತ್ತು ಜನ ಕೂತು ಒಂದೇ ತಟ್ಟೆಗೆ ಕೈಹಾಕುವ ಔತಣದ ಕ್ರಮ ಇದು. ಇಬ್ಬರೇ ಕೂತಾಗ ಮೂರನೇ ಸುತ್ತಿಗೇ ಕೈ ಸೋಲುತ್ತದೆ.

ಮೊದಲು ಪುಟ್ಟ ಬಟ್ಟಲುಗಳಲ್ಲಿ ಸಲಾಡ್‌ಗಳು ಬರುತ್ತವೆ. ಹೆಸರಿಗೆ ಸಲಾಡ್, ಹೆಚ್ಚಿನವು ಬೇಯಿಸಿದ ತರಕಾರಿ: ಬದನೆ, ಟೊಮೆಟೊ ಮಸೆದ ಝಾಲೂಕ್, ಸುಟ್ಟ ದಪ್ಪ ಮೆಣಸಿನಕಾಯಿಯ ತಕ್ತೂಕಾ, ಜೀರಿಗೆ ಹಾಕಿದ ಕ್ಯಾರೆಟ್. ಜೊತೆಗೆ ಬಿಸಿ ದುಂಡು ಬ್ರೆಡ್ಡು. ಊಟ ಕೆಡುವುದು ಇಲ್ಲೇ. ಬ್ರೆಡ್ಡು ಮುಗಿದಂತೆ ಮತ್ತೆ ತಂದಿಡುತ್ತಾರೆ, ಅದರಲ್ಲೇ ಹೊಟ್ಟೆ ತುಂಬುತ್ತದೆ. ಒಂದು ಬ್ರೆಡ್ಡನ್ನು ಇಬ್ಬರೂ ಹಂಚಿಕೊಂಡು ಅಲ್ಲಿಗೇ ನಿಲ್ಲಿಸಿ.

ಆಮೇಲೆ ಇಬ್ಬರಿಗೂ ಸೇರಿ ಒಂದೇ ಪಸ್ಟೀಲಾ. ಕಾಗದದಷ್ಟು ತೆಳುವಾದ ವರ್ಕಾ ಹಾಳೆಗಳ ಒಳಗೆ ಪಾರಿವಾಳದ ಮಾಂಸ (ಈಗ ಹೆಚ್ಚಾಗಿ ಕೋಳಿ), ಅದೇ ರಸದಲ್ಲಿ ಗಟ್ಟಿಮಾಡಿದ ಮೊಟ್ಟೆ, ಹುರಿದು ಪುಡಿಮಾಡಿದ ಬಾದಾಮಿ. ಮೇಲೆ ಸಕ್ಕರೆಪುಡಿ ಮತ್ತು ದಾಲ್ಚಿನ್ನಿಯ ಗೆರೆಗಳು. ಬಂದ ಕೂಡಲೇ ಮುರಿಯಿರಿ. ಫೋಟೊ ತೆಗೆಯುತ್ತ ಕೂತರೆ ಒಳಗಿನ ಹಬೆಗೆ ಹಾಳೆ ಮೆತ್ತಗಾಗಿ ಗರಿಗರಿ ಹೋಗುತ್ತದೆ.

ಪಸ್ಟೀಲಾ ಹೇಳಿದಿರಾದರೆ ಒಣದ್ರಾಕ್ಷಿಯಂಥ ಕಪ್ಪು ಪ್ಲಮ್ ಹಾಕಿದ ಕುರಿಮಾಂಸದ ತಾಜೀನ್ ಬೇಡ. ಸಿಹಿಯ ಮೇಲೆ ಸಿಹಿಯಾಗುತ್ತದೆ. ಉಪ್ಪಿನಲ್ಲಿ ಹಾಕಿಟ್ಟ ನಿಂಬೆ, ಆಲಿವ್ ಇರುವ ಕೋಳಿ ತಾಜೀನ್ ಸರಿಹೊಂದುತ್ತದೆ. ಆ ನಿಂಬೆಯಲ್ಲಿ ರುಚಿ ಇರುವುದು ಸಿಪ್ಪೆಯಲ್ಲಿ. ಉಪ್ಪು ಜೋರಾಗಿರುವುದರಿಂದ ಸಣ್ಣ ಚೂರನ್ನು ಮಾಂಸದ ಜೊತೆಗೇ ತಿನ್ನಬೇಕು. ಕುಸ್ಕುಸ್ ಅನ್ನು ಇನ್ನೊಂದು ದಿನಕ್ಕೆ ಬಿಡಿ, ಅದೂ ಶುಕ್ರವಾರ ಮಧ್ಯಾಹ್ನಕ್ಕೆ. ಅಲ್ಲಿನ ಮನೆಗಳಲ್ಲಿ ಅದು ಆ ಹೊತ್ತಿನ ಅಡುಗೆ.

ಮರಕೇಶ್‌ದೇ ಆದ ತಂಜಿಯಾ ಬೇಕಿದ್ದರೆ ಮೇಜು ಕಾದಿರಿಸುವಾಗಲೇ ಹೇಳಿ. ಮಣ್ಣಿನ ಹೂಜಿಯಲ್ಲಿ ಮಾಂಸ, ಬೆಳ್ಳುಳ್ಳಿ, ಜೀರಿಗೆ, ಉಪ್ಪುನಿಂಬೆ ತುಂಬಿ, ಬಾಯಿ ಕಟ್ಟಿ, ಸಾರ್ವಜನಿಕ ಸ್ನಾನದ ಮನೆಯ ಒಲೆಯ ಬೂದಿಯಲ್ಲಿ ಗಂಟೆಗಟ್ಟಲೆ ಹೂತಿಡುವುದು ಅದರ ಪದ್ಧತಿ. ಹೋಗಿ ಕೂತ ಮೇಲೆ ಕೇಳಿದರೆ ಆಗದು.

ಹಳೇ ಊರಿನ ಓಣಿಗಳಿಗೆ ಕಾರು ನುಗ್ಗುವುದಿಲ್ಲ. ಕಾರು ಎಲ್ಲಿಯವರೆಗೆ ಬರುತ್ತದೆ, ಅಲ್ಲಿಂದ ಕರೆದೊಯ್ಯಲು ಯಾರನ್ನಾದರೂ ಕಳಿಸುತ್ತಾರೆಯೇ ಎಂದೂ ಆಗಲೇ ಕೇಳಿಕೊಳ್ಳಿ.

ಪ್ರಶ್ನೆ: ನನ್ನ ಹೆಂಡತಿ ಸಸ್ಯಾಹಾರಿ. ಏಳು ತರಕಾರಿಯ ಕುಸ್ಕುಸ್ ಹೇಳಿದರೆ ಆಯಿತಲ್ಲ?

ಉತ್ತರ: ಆಗಲಿಲ್ಲ. ಆ ತರಕಾರಿಗಳು ಸಾಮಾನ್ಯವಾಗಿ ಬೇಯುವುದು ಮಾಂಸದ ಸಾರಿನಲ್ಲೇ. ‘ಮಾಂಸ ಬೇಡ’ ಎಂದರೆ ತುಂಡುಗಳನ್ನು ತೆಗೆದು ಬಡಿಸುವ ಸಂಭವವಿದೆ, ಸಾರು ಅದೇ ಇರುತ್ತದೆ. ಬೇಳೆ, ಕಡಲೆ ಹಾಕಿದ ಹರೀರಾ ಸೂಪಿನದೂ ಇದೇ ಕತೆ. ಹಿಂದಿನ ದಿನವೇ ಫೋನು ಮಾಡಿ, ‘ಬ್ಲಾ ಲ್ಹಮ್’ (ಮಾಂಸವಿಲ್ಲದೆ) ಎನ್ನುವುದರ ಜೊತೆಗೆ ಸಾರನ್ನೂ ಬೇರೆ ಪಾತ್ರೆಯಲ್ಲಿ ನೀರಿನಿಂದಲೇ ಮಾಡಬೇಕೆಂದು ಬಿಡಿಸಿ ಹೇಳಿ. ಸಲಾಡ್‌ಗಳು ಹೆಚ್ಚಾಗಿ ತೊಂದರೆ ಕೊಡುವುದಿಲ್ಲ. ಕೊನೆಗೆ ಹಾಲಿನ ಪಸ್ಟೀಲಾ ಸಿಕ್ಕರೆ ಬಿಡಬೇಡಿ: ಗರಿಗರಿ ವರ್ಕಾ, ಕಿತ್ತಳೆ ಹೂವಿನ ನೀರು ಬೆರೆಸಿದ ಗಟ್ಟಿ ಹಾಲು, ಬಾದಾಮಿ. ಬಡಿಸುವ ಮುಂಚಷ್ಟೇ ಪದರ ಜೋಡಿಸಿದ್ದಾದರೆ ಮಾತ್ರ ಅದಕ್ಕೆ ಬೆಲೆ.

ಪ್ರಶ್ನೆ: ಅಲ್ಲಿ ಕುಸ್ಕುಸ್ ಬಿಡಿಬಿಡಿಯಾಗಿ ಹಗುರವಾಗಿರುತ್ತದೆ, ಮನೆಯಲ್ಲಿ ಮಾಡಿದರೆ ಮುದ್ದೆ. ಯಾಕೆ?

ಉತ್ತರ: ನೀವು ಬಿಸಿನೀರು ಸುರಿದು ಮುಚ್ಚಿಡುತ್ತೀರಿ. ಅಲ್ಲಿ ಅದನ್ನು ಹಬೆಯಲ್ಲಿ ಮೂರು ಸಲ ಬೇಯಿಸುತ್ತಾರೆ. ಕಾಳಿಗೆ ಸ್ವಲ್ಪ ಎಣ್ಣೆ ಸವರಿ, ನೀರು ಚಿಮುಕಿಸಿ, ಕುದಿಯುವ ಪಾತ್ರೆಯ ಮೇಲೆ ಕೂರಿಸಿದ ತೂತಿನ ಪಾತ್ರೆಯಲ್ಲಿ 15–20 ನಿಮಿಷ ಇಡಬೇಕು. ಆಮೇಲೆ ಅಗಲ ಪರಾತಕ್ಕೆ ಸುರಿದು, ಉಪ್ಪುನೀರು ಚಿಮುಕಿಸಿ, ಅಂಗೈಗಳ ನಡುವೆ ಉಜ್ಜುತ್ತ ಗಂಟು ಒಡೆದು, ಮತ್ತೆ ಹಬೆಗೆ. ಮೂರನೆಯ ಸಲ ಬೆಣ್ಣೆ. ನೀರು ಸ್ವಲ್ಪಸ್ವಲ್ಪವೇ ಒಳಗಿಳಿಯುವುದರಿಂದ ಕಾಳು ಉಬ್ಬುತ್ತದೆ, ಅಂಟುವುದಿಲ್ಲ. ಎರಡು ಪಾತ್ರೆ ಕೂಡುವ ಕಡೆ ಹಬೆ ಸೋರದಂತೆ ಒದ್ದೆ ಬಟ್ಟೆ ಸುತ್ತಿ; ಮುಚ್ಚಳ ಬೇಡ, ಅದರಿಂದ ಹನಿ ಬಿದ್ದರೆ ಮತ್ತೆ ಮುದ್ದೆಯೇ.

ಪ್ರಶ್ನೆ: ಕೈಯಲ್ಲಿ ತಿನ್ನಬಹುದೆ? ಟಿಪ್ಸ್ ಎಷ್ಟು?

ಉತ್ತರ: ಧಾರಾಳವಾಗಿ. ಬಲಗೈಯ ಮೂರು ಬೆರಳು, ಬ್ರೆಡ್ಡಿನ ತುಂಡೇ ಚಮಚ. ತಾಜೀನ್‌ನಲ್ಲಿ ನಿಮ್ಮ ಮುಂದಿನ ಭಾಗವನ್ನಷ್ಟೇ ತಿನ್ನಿ. ಫೋರ್ಕ್ ಕೇಳಿದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಪುದೀನಾ ಚಹಾ ವಿಪರೀತ ಸಿಹಿ, ಬೇಡವಾದರೆ ‘ಬ್ಲಾ ಸುಕ್ಕರ್’ ಅನ್ನಿ. ಬಿಲ್ಲಿನಲ್ಲಿ ಸೇವಾಶುಲ್ಕ ಸೇರಿಲ್ಲದಿದ್ದರೆ ಸುಮಾರು ಶೇ 10ರಷ್ಟನ್ನು ದಿರ್ಹಾಮ್ ನೋಟಿನಲ್ಲೇ ಕೊಡಿ. ಬಿಲ್ಲನ್ನು ಕಾರ್ಡಿನಲ್ಲಿ ಕಟ್ಟಿದರೂ ಇದಕ್ಕೆ ನಗದು ಇಟ್ಟುಕೊಳ್ಳಿ.