ಕದ್ದೆಯಾ ಅಂತ ಯಾರೂ ಕೇಳಲಿಲ್ಲ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಕೂಡಲೇ ನಮ್ಮ ಕಾಸರಗೋಡಿನ ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ, ಫ್ಯಾನ್ಸಿ ಅಂಗಡಿಗಳಲ್ಲಿ ಹದಿನಾರರ ಮಕ್ಕಳು ಕಾಣಿಸಿಕೊಳ್ಳುತ್ತಾರೆ. ರಜೆಯಲ್ಲಿ ಸುಮ್ನೆ ಕೂರುವ ಬದಲು ನಾಲ್ಕು ಕಾಸು ಆಗಲಿ, ಪ್ಲಸ್ ವನ್ ಖರ್ಚಿಗೆ ಆಯಿತಲ್ಲ ಅಂತ ಮನೆಯವರೂ ಕಳಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಜೂನ್ ಕಳೆದ ಮೇಲೆ ಇವರಲ್ಲೇ ಕೆಲವರು ಆಪ್ತಸಮಾಲೋಚನೆಗೆ ನನ್ನ ಮುಂದೆ ಬಂದು ಕೂರುತ್ತಾರೆ. ಒಬ್ಬರಿಗೆ ನಿದ್ದೆ ಇಲ್ಲ, ಇನ್ನೊಬ್ಬರು ಶಾಲೆಗೆ ಹೋಗುವುದಿಲ್ಲ, ಮತ್ತೊಬ್ಬರು ಮನೆಯಲ್ಲಿ ಯಾರ ಜೊತೆಗೂ ಮಾತಾಡುವುದಿಲ್ಲ. ಅಂಗಡಿಯ ಸುದ್ದಿ ಮೊದಲ ದಿನ ಬಾಯಿಗೇ ಬರುವುದಿಲ್ಲ. ವರ್ಷ ವರ್ಷವೂ ಇದೇ ಕತೆ ಆಗುತ್ತಿರುವುದರಿಂದ ಒಂದು ಪ್ರಕರಣವನ್ನು ಬರೆಯುತ್ತಿದ್ದೇನೆ. ಆ ಹುಡುಗಿಯೂ ಅಮ್ಮನೂ ಒಪ್ಪಿದ್ದಾರೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಹುಡುಗಿಗೆ 16 ವರ್ಷ. ಅಮ್ಮ ಬೀಡಿ ಕಟ್ಟುತ್ತಾರೆ, ಅಪ್ಪನಿಗೆ ಬೆನ್ನುನೋವು, ಕೆಲಸ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಒಂದು ಪೇಟೆಯ ಬಟ್ಟೆ ಅಂಗಡಿಯಲ್ಲಿ ದೂರದ ಮಾವನೊಬ್ಬರ ಶಿಫಾರಸಿನಿಂದ ಕೆಲಸ ಸಿಕ್ಕಿತ್ತು. ಅವಳನ್ನು ನನ್ನ ಹತ್ತಿರ ಕಳಿಸಿದ್ದು ಶಾಲೆಯ ಟೀಚರ್. ಹುಡುಗಿ ತರಗತಿಯಲ್ಲಿ ಪದೇ ಪದೇ ಚೀಲ ಬಿಚ್ಚಿ ನೋಡುತ್ತಾಳೆ, ಕೇಳಿದರೆ ಅಳುತ್ತಾಳೆ, ಏನೋ ಗೀಳು ಇರಬೇಕು ಅಂತ ಟೀಚರಿಗೆ ಅನಿಸಿತ್ತು.

ಮೊದಲೆರಡು ಭೇಟಿಯಲ್ಲಿ ಅವಳು ಮಾತಾಡಿದ್ದು ಕಡಿಮೆ. ನನ್ನ ಕಣ್ಣಿಗೆ ಬಿದ್ದದ್ದು ಒಂದೇ ವಿಷಯ. ಒಳಗೆ ಬಂದ ಕೂಡಲೇ ಚೀಲವನ್ನು ನನ್ನ ಮೇಜಿನ ಮೇಲಿಟ್ಟು ಎಲ್ಲ ಜಿಪ್ಪುಗಳನ್ನೂ ತೆರೆದಿಡುತ್ತಿದ್ದಳು. ನೀರಿನ ಬಾಟ್ಲಿ, ಟಿಫಿನ್, ಒಂದು ಬಾಚಣಿಗೆ, ಪುಸ್ತಕ, ಬಸ್ಸಿನ ಚಿಲ್ಲರೆ. ಎಲ್ಲ ಕಾಣುವ ಹಾಗೆ. ಮನೆಯಲ್ಲೂ ರಾತ್ರಿ ಚೀಲವನ್ನು ಚಾಪೆ ಮೇಲೆ ಸುರಿದು "ನೋಡಮ್ಮ, ಏನೂ ಇಲ್ಲ" ಅಂತ ತೋರಿಸುತ್ತಾಳೆ ಎಂದು ಅಮ್ಮ ಹೇಳಿದರು. ಅಮ್ಮನಿಗೆ ಇದು ಯಾಕೆಂದು ಗೊತ್ತಿರಲಿಲ್ಲ.

ಮೂರನೇ ಸಲ ಬಂದಾಗ ಮತ್ತೆ ಅದೇ ಮಾಡಿದಳು. ನಾನು ಚೀಲದ ಕಡೆ ನೋಡದೆ, "ನಿನ್ನ ಚೀಲ ಯಾರು ನೋಡ್ತಿದ್ರು?" ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು ಆಮೇಲೆ ಒಂದೇ ಉಸಿರಿಗೆ ಹೇಳಿದಳು. ರೆಡಿಮೇಡ್ ಸೆಕ್ಷನ್‌ನಲ್ಲಿ ಸ್ಟಾಕ್ ಎಣಿಸುವಾಗ ಮೂರು ಚೂಡಿದಾರ್ ಸೆಟ್ ಕಡಿಮೆ ಬಂದವಂತೆ. ಆ ಸೆಕ್ಷನ್‌ನಲ್ಲಿ ನಾಲ್ಕು ಜನ ಇದ್ದರು, ಅವಳೇ ಚಿಕ್ಕವಳು, ಅವಳೇ ಹೊಸಬಳು. ಆ ದಿನದಿಂದ ಹೊರಡುವಾಗ ಅವಳೊಬ್ಬಳ ಚೀಲ ಮಾತ್ರ ತಪಾಸಣೆ, ಅದೂ ಬಿಲ್ ಕೌಂಟರಿನ ಪಕ್ಕದಲ್ಲಿ, ಗಿರಾಕಿಗಳ ಎದುರಿಗೆ. ಒಂದು ಸಲ ಅವಳ ಕ್ಲಾಸಿನ ಹುಡುಗಿಯೇ ಬಟ್ಟೆ ತೆಗೆಯಲು ಬಂದಿದ್ದಳು, ನಿಂತು ನೋಡಿದಳು. ತಿಂಗಳ ಕೊನೆಗೆ ಸಂಬಳದಲ್ಲಿ ಅರ್ಧಕ್ಕಿಂತ ಜಾಸ್ತಿ ಕಡಿದು "ಶಾರ್ಟೇಜ್" ಅಂದರು.

"ನೀನೇನು ಹೇಳಿದೆ?" ಅಂತ ಕೇಳಿದೆ.

"ಕದ್ದೆಯಾ ಅಂತ ಯಾರೂ ಕೇಳಲೇ ಇಲ್ಲ ಟೀಚರ್. ಕೇಳಿದ್ರೆ ಇಲ್ಲ ಅಂತ ಹೇಳ್ತಿದ್ದೆ."

ಈ ಹುಡುಗಿಗೆ ಏನಾಗಿದೆ ಎನ್ನುವುದು ನನಗೆ ಅರ್ಥವಾದದ್ದು ಆಗ. ಕಳ್ಳಿ ಎಂದು ಬೈದಿದ್ದರೆ ಅವಳು ಅಳುತ್ತಿದ್ದಳು, ಜಗಳ ಮಾಡುತ್ತಿದ್ದಳು, ಮನೆಗೆ ಬಂದು ಹೇಳುತ್ತಿದ್ದಳು. ಯಾರೂ ಬೈಯಲಿಲ್ಲ. ಚೀಲ ನೋಡಿದರು, ದುಡ್ಡು ಕಡಿದರು, ಅಷ್ಟೇ. ಉತ್ತರ ಕೊಡಲು ಪ್ರಶ್ನೆಯೇ ಇಲ್ಲದ್ದರಿಂದ ಅವಳು ಕಂಡಕಂಡವರಿಗೆಲ್ಲ ಚೀಲ ತೆರೆದು ಉತ್ತರ ಕೊಡುತ್ತಿದ್ದಳು. ಅದಕ್ಕೆ ಗೀಳು ಅಂತ ಹೆಸರಿಟ್ಟು ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸಬಹುದಿತ್ತು. ಆಗ ಅನ್ಯಾಯ ಅಂಗಡಿಯದ್ದು, ಕಾಯಿಲೆ ಹುಡುಗಿಯದ್ದು ಅಂತ ಆಗುತ್ತಿತ್ತು. ನಾನು ಅದನ್ನು ಒಪ್ಪುವುದಿಲ್ಲ.

ಆಶ್ಚರ್ಯ ಏನೆಂದರೆ ಅವಳು ಹೇಳಿದ ಆ ಒಂದು ಮಾತೇ ನಮ್ಮ ಕಾನೂನಿನಲ್ಲೂ ಇದೆ. ಮಾಲು ನಷ್ಟವಾಯಿತು ಅಂತ ಸಂಬಳ ಕಡಿಯಬೇಕಾದರೆ ಆ ಮಾಲನ್ನು ನೋಡಿಕೊಳ್ಳಲು ಅವಳಿಗೇ ವಹಿಸಿರಬೇಕು, ನಷ್ಟ ಅವಳ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಕಡಿಯುವ ಮೊದಲು ಅವಳ ಮಾತು ಕೇಳಬೇಕು. ಎಲ್ಲ ಕಡಿತ ಸೇರಿಸಿದರೂ ಸಂಬಳದ ಅರ್ಧ ದಾಟಬಾರದು. 1936ರ ವೇತನ ಪಾವತಿ ಕಾಯ್ದೆಯಲ್ಲಿ ಕಡಿಯುವ ಮೊದಲು ಕೇಳಬೇಕು ಎನ್ನುವುದು ಇತ್ತು, ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ಇದೆ. ನಾಲ್ಕು ಜನ ಓಡಾಡುವ ಸೆಕ್ಷನ್‌ನಲ್ಲಿ ಕಡಿಮೆ ಬಂದದ್ದನ್ನು ಚಿಕ್ಕವಳ ತಲೆಗೆ ಕಟ್ಟುವುದಕ್ಕೆ ಅದರಲ್ಲಿ ಎಲ್ಲೂ ಅವಕಾಶ ಇಲ್ಲ. ಇದನ್ನು ಅವಳಿಗೆ ನಿಧಾನವಾಗಿ ಹೇಳಿದೆ. "ಕೇಳಬೇಕು ಅಂತ ಬರೆದೇ ಇದೆಯಾ?" ಅಂತ ಎರಡು ಸಲ ಕೇಳಿದಳು.

ಆಮೇಲೆ ಅಮ್ಮನನ್ನು ಒಳಗೆ ಕರೆದೆ. ಕಷ್ಟದ ಮಾತುಕತೆ ಅದೇ. "ಬೇಡ ಟೀಚರ್, ಅವರು ಗುರ್ತದವರು, ಉಪಕಾರ ಮಾಡಿ ಕೆಲಸ ಕೊಟ್ಟದ್ದು. ನಾವು ಹೋಗಿ ಕೇಳಿದ್ರೆ ಮಾವನ ಮರ್ಯಾದೆ ಹೋಗ್ತದೆ." ನಮ್ಮ ಕಡೆ ಮಕ್ಕಳ ಬಾಯಿ ಮುಚ್ಚಿಸುವುದು ಮುದಲಾಳಿಯ (ಅಂಗಡಿ ಯಜಮಾನನ) ಜೋರಿಗಿಂತ ಹೆಚ್ಚಾಗಿ ಈ ಉಪಕಾರವೇ. ಬೆಳಿಗ್ಗೆ ಒಂಬತ್ತೂವರೆಗೆ ಹೋದ ಹುಡುಗಿ ಹಬ್ಬದ ಸೀಸನ್‌ನಲ್ಲಿ ರಾತ್ರಿ ಒಂಬತ್ತರವರೆಗೆ ನಿಂತು ಬಟ್ಟೆ ಮಡಚಿದ್ದಾಳೆ. ಕೇರಳದ 1960ರ ಅಂಗಡಿ ಕಾಯ್ದೆ ಪ್ರಕಾರ ದಿನಕ್ಕೆ 8 ಗಂಟೆ ಕೆಲಸ, 17 ತುಂಬದವರನ್ನು ಸಂಜೆ 7ರ ನಂತರ ಕೆಲಸಕ್ಕೆ ಇಟ್ಟುಕೊಳ್ಳುವ ಹಾಗೇ ಇಲ್ಲ. ಇನ್ನು ಕುಳಿತುಕೊಳ್ಳುವ ವಿಷಯ. ಕೋಝಿಕ್ಕೋಡಿನ ಮಿಠಾಯಿ ತೆರುವು ಎಂಬ ಅಂಗಡಿ ಬೀದಿಯಲ್ಲಿ ಪಿ. ವಿಜಿ ಮತ್ತು ಅವರ ಜೊತೆಗಿನ ಅಂಗಡಿ ಕೆಲಸದ ಹೆಂಗಸರು ಶೌಚಾಲಯಕ್ಕಾಗಿ, ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೂರಲು ಅವಕಾಶ ಕೊಡಬೇಕು ಅಂತ ಇದೇ ಕಾಯ್ದೆಗೆ ತಿದ್ದುಪಡಿ ಬಂತು. ಈ ಹುಡುಗಿಯ ಅಂಗಡಿಯಲ್ಲಿ ಸ್ಟೂಲು ಇತ್ತು, ಅದರ ಮೇಲೆ ಸ್ಟಾಕ್ ಇಟ್ಟಿದ್ದರು. ಇಷ್ಟೆಲ್ಲ ಲೆಕ್ಕ ಹಾಕಿ ಅಮ್ಮನಿಗೆ ಕೇಳಿದೆ: ಉಪಕಾರ ಯಾರು ಯಾರಿಗೆ ಮಾಡಿದ್ದು?

ನಾನು ಕೊಟ್ಟ ಸಲಹೆ ಹೀಗಿತ್ತು. ಮಾವನನ್ನು ಮಧ್ಯೆ ತರಬೇಡಿ, ಮಾವ ಬಂದರೆ ಮಾತು ಮರ್ಯಾದೆಯ ಕಡೆ ತಿರುಗುತ್ತದೆ. ಅಮ್ಮ, ಮಗಳು ಇಬ್ಬರೇ ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿಗೆ ಹೋಗಿ. ಜಗಳ ಬೇಡ. ಹೋಗುವ ಮೊದಲು ಮಗಳು ಕೆಲಸ ಮಾಡಿದ ದಿನ, ಹೋದ ಹೊತ್ತು, ಬಂದ ಹೊತ್ತು, ಕೈಗೆ ಸಿಕ್ಕಿದ ದುಡ್ಡು ಎಲ್ಲವನ್ನೂ ನೆನಪಿದ್ದಷ್ಟು ಒಂದು ಹಾಳೆಯಲ್ಲಿ ಬರೆಯಲಿ. ಅಲ್ಲಿ ಅವಳೇ ಮೊದಲು ಮಾತಾಡಲಿ, ಒಂದೇ ವಾಕ್ಯ ಸಾಕು: ನಾನು ತೆಗೆದಿಲ್ಲ, ಕಡಿದ ದುಡ್ಡು ಕೊಡಿ. ಯಾವ ಕಾಗದಕ್ಕೂ ಓದದೆ ಸಹಿ ಹಾಕಬೇಡಿ.

ಈ ಸಲಹೆಗೆ ನನ್ನ ಜೊತೆ ಕೆಲಸ ಮಾಡುವವರೇ ಆಕ್ಷೇಪ ಹೇಳಿದರು. ನಾವು ಯೂನಿಯನ್‌ನವರಲ್ಲ, ಮನಸ್ಸು ಗಟ್ಟಿ ಮಾಡಿ ಕಳಿಸುವುದಷ್ಟೇ ನಮ್ಮ ಕೆಲಸ ಅಂದರು. ಹದಿನಾರರ ಹುಡುಗಿಯನ್ನು ಮುಂದೆ ನಿಲ್ಲಿಸಿದ್ದು ಜಾಸ್ತಿ ಆಯಿತು ಅಂತಲೂ ಅಂದರು. ನಾನು ಅವಳನ್ನು ಒಬ್ಬಳೇ ಕಳಿಸಲಿಲ್ಲ. ಏನು ಹೇಳಬೇಕೆಂದು ಇಲ್ಲೇ ನನ್ನ ಎದುರು ಕುಳಿತು ಹೇಳಿ ಹೇಳಿ ರೂಢಿ ಮಾಡಿಕೊಂಡಳು, ಬೇಡ ಅನ್ನುವ ಹಕ್ಕು ಕೊನೆಯವರೆಗೂ ಅವಳಿಗೇ ಇತ್ತು. ಅವಳ ಬದಲು ಅಪ್ಪನೋ ನಾನೋ ಹೋಗಿ ದುಡ್ಡು ತಂದಿದ್ದರೆ ದುಡ್ಡು ಬರುತ್ತಿತ್ತು, ಚೀಲ ತೆರೆದಿಡುವುದು ನಿಲ್ಲುತ್ತಿರಲಿಲ್ಲ. ಮನಸ್ಸು ಗಟ್ಟಿ ಮಾಡುವುದು ಅಂದರೆ ಅನ್ಯಾಯ ತಡೆದುಕೊಳ್ಳಲು ತಯಾರು ಮಾಡುವುದು ಅಂತ ನಾನು ಎಂದೂ ತಿಳಿದುಕೊಂಡಿಲ್ಲ, ಮಕ್ಕಳ ವಿಷಯದಲ್ಲಂತೂ ಇಲ್ಲವೇ ಇಲ್ಲ.

ಅಮ್ಮ, ಮಗಳು ಹೋದರು. ಮ್ಯಾನೇಜರ್ ಮೊದಲು ನಕ್ಕರಂತೆ, ಆಮೇಲೆ ಹಾಳೆ ನೋಡಿ ಒಳಗೆ ಹೋಗಿ ಬಂದು ಕಡಿದದ್ದರಲ್ಲಿ ಅರ್ಧ ಕೊಟ್ಟರು. ಉಳಿದದ್ದು ಕೊಡುವುದಿಲ್ಲ ಅಂದರು. ತಪ್ಪಾಯಿತು ಅಂತ ಯಾರೂ ಹೇಳಲಿಲ್ಲ. ಮಾವ ಈಗ ಇವರ ಮನೆಗೆ ಬರುವುದಿಲ್ಲ, ಅದರ ನೋವು ಅಮ್ಮನಿಗಿದೆ, ಅದನ್ನು ನಾನು ಸಣ್ಣದು ಅನ್ನುವುದಿಲ್ಲ. ಹುಡುಗಿ ಮಾತ್ರ, "ಅವರ ಮುಖ ನೋಡಿಯೇ ಹೇಳಿದೆ ಟೀಚರ್" ಅಂದಳು. ಚೀಲ ಸುರಿಯುವುದು ಒಂದೇ ದಿನಕ್ಕೆ ನಿಲ್ಲಲಿಲ್ಲ, ಕಡಿಮೆಯಾಗುತ್ತಾ ಬಂತು.

ಉಳಿದ ದುಡ್ಡಿಗೆ ಏನು ಮಾಡುವುದು ಅಂತ ಅವರು ಕೇಳಿದ್ದಕ್ಕೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ, ಯಾಕೆಂದರೆ ಈ ಪ್ರಶ್ನೆ ಪ್ರತಿ ಮನೆಯವರೂ ಕೇಳುತ್ತಾರೆ. ಕಾರ್ಮಿಕ ಇಲಾಖೆಯ ಅಸಿಸ್ಟೆಂಟ್ ಲೇಬರ್ ಆಫೀಸರಿಗೆ ಅರ್ಜಿ ಕೊಡಬಹುದು. ಮಲಯಾಳ ಬರೆಯಲು ಬರುವುದಿಲ್ಲ ಅಂತ ಹಿಂದೆ ಸರಿಯಬೇಡಿ. 1969ರ ಕೇರಳ ರಾಜಭಾಷಾ ಕಾಯ್ದೆ ಕಾಸರಗೋಡಿನ ಕನ್ನಡಿಗರಿಗೆ ಇಲ್ಲಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯುವ ಹಕ್ಕು ಕೊಟ್ಟಿದೆ, ಉತ್ತರವೂ ಕನ್ನಡದಲ್ಲೇ ಬರಬೇಕು. ಮಗುವಿಗೆ 18 ತುಂಬಿಲ್ಲ, ಅಂಗಡಿಯಲ್ಲಿ ಹೊಡೆತ, ಮೈಮುಟ್ಟುವುದು, ಬೆದರಿಕೆ ಏನಾದರೂ ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಮಗುವೇ ಮಾಡಬಹುದು. ಅರ್ಜಿಯಲ್ಲಿ ಬೈಗುಳ, ಊಹೆ ಏನೂ ಬೇಡ. ಅಂಗಡಿಯ ಹೆಸರು, ಸೇರಿದ ದಿನ, ಮಗುವಿನ ವಯಸ್ಸು, ಒಪ್ಪಿದ ಸಂಬಳ, ಕಡಿದ ಮೊತ್ತ, ಕಡಿಯುವ ಮೊದಲು ಏನನ್ನೂ ಕೇಳಲಿಲ್ಲ ಎನ್ನುವ ಒಂದು ಸಾಲು. ಒಂದು ಪ್ರತಿ ಮನೆಯಲ್ಲಿಟ್ಟುಕೊಂಡು, ಕೊಟ್ಟದ್ದಕ್ಕೆ ಕಚೇರಿಯ ಸೀಲು ಹಾಕಿಸಿಕೊಂಡು ಬನ್ನಿ. ಈ ಹುಡುಗಿಯ ಅರ್ಜಿಯನ್ನು ಅವಳೇ ಕನ್ನಡದಲ್ಲಿ ಬರೆದಳು, ನಾನು ಕಾಗುಣಿತ ಮಾತ್ರ ತಿದ್ದಿದ್ದೇನೆ.