ಸವೆದ ಹೊಲದಲ್ಲಿ ಮತ್ತೆ ಗಿಡಮರ ಬೆಳೆದರೆ ಮಣ್ಣಿನ ಕಿಣ್ವಗಳೂ ಪೋಷಕಾಂಶಗಳೂ ಹೇಗೆ ಬದಲಾಗುತ್ತವೆ?

ಚೀನಾದ ಲೋಯೆಸ್ ಪ್ರಸ್ಥಭೂಮಿ ಇದಕ್ಕೆ ಒಳ್ಳೆಯ ನಿದರ್ಶನ. ಹಳದಿ ನದಿಗೆ ಮಣ್ಣು ಕೊಚ್ಚಿಹೋಗುತ್ತಿದ್ದ ಅಲ್ಲಿನ ಇಳಿಜಾರು ಹೊಲಗಳಲ್ಲಿ 1999ರಿಂದ ಉಳುಮೆ ನಿಲ್ಲಿಸಿ ಹುಲ್ಲು, ಪೊದೆ, ಮರಗಳನ್ನು ಬೆಳೆಸಲಾಯಿತು. ಉದುರಿದ ಎಲೆ, ಸತ್ತ ಬೇರು ಮತ್ತು ಜೀವಂತ ಬೇರಿನಿಂದ ಒಸರುವ ಸಕ್ಕರೆಗಳು ಸೂಕ್ಷ್ಮಜೀವಿಗಳಿಗೆ ಆಹಾರವಾಗುವುದರಿಂದ, ಸಕ್ಕರೆಯನ್ನು ಒಡೆಯುವ ಇನ್ವರ್ಟೇಸ್, ಯೂರಿಯಾವನ್ನು ಒಡೆಯುವ ಯೂರಿಯೇಸ್, ಸಾವಯವ ವಸ್ತುವಿನಿಂದ ರಂಜಕವನ್ನು ಬಿಡಿಸುವ ಫಾಸ್ಫಟೇಸ್ ಮೊದಲಾದ ಕಿಣ್ವಗಳ ಚಟುವಟಿಕೆ ವರ್ಷಗಳು ಕಳೆದಂತೆ ಸಾಮಾನ್ಯವಾಗಿ ಏರುತ್ತದೆ. ಸಾವಯವ ಇಂಗಾಲ, ಸಾರಜನಕಗಳೂ ಕೂಡುತ್ತವೆ. ಈ ಏರಿಕೆ ಮೇಲಿನ 10–20 ಸೆಂಟಿಮೀಟರ್ ಪದರದಲ್ಲೇ ಹೆಚ್ಚು ಎದ್ದುಕಾಣುತ್ತದೆ.

ರಂಜಕದ ವಿಷಯ ಬೇರೆ. ಇಂಗಾಲವನ್ನು ಎಲ್ಲ ಗಿಡಗಳೂ ಗಾಳಿಯಿಂದ ಪಡೆಯುತ್ತವೆ. ಅಲ್ಲಿ ವ್ಯಾಪಕವಾಗಿ ನೆಟ್ಟ ರೊಬೀನಿಯಾ ಮರ ದ್ವಿದಳ ಜಾತಿಯದಾದ್ದರಿಂದ, ಅದರ ಬೇರುಗಂಟಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನೂ ಹಿಡಿದುಕೊಡುತ್ತವೆ. ರಂಜಕ ಮಾತ್ರ ಬಹುಪಾಲು ಖನಿಜಗಳಿಂದಲೇ ನಿಧಾನವಾಗಿ ಬಿಡುಗಡೆಯಾಗಬೇಕು, ಅದರಲ್ಲೂ ಸುಣ್ಣದಂಶವಿರುವ ಆ ಮಣ್ಣಿನಲ್ಲಿ ಅದು ಕ್ಯಾಲ್ಸಿಯಂ ಜೊತೆ ಸೇರಿ ಗಿಡಗಳಿಗೆ ಸುಲಭವಾಗಿ ದಕ್ಕುವುದಿಲ್ಲ. ಆದ್ದರಿಂದ ಫಾಸ್ಫಟೇಸ್ ಹೆಚ್ಚಿದ್ದರೆ ರಂಜಕ ಧಾರಾಳವಾಗಿದೆ ಎಂದು ತಿಳಿಯಬಾರದು. ರಂಜಕ ಸಾಲದಿದ್ದಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಈ ಕಿಣ್ವವನ್ನು ಹೆಚ್ಚು ಸ್ರವಿಸುವುದರಿಂದ, ಅನೇಕ ವೇಳೆ ಅದು ಕೊರತೆಯ ಸೂಚನೆ.

ಅಲ್ಲದೆ, ಪ್ರಯೋಗಾಲಯದಲ್ಲಿ ಮಣ್ಣಿಗೆ ಯಥೇಚ್ಛವಾಗಿ ಯೂರಿಯಾ ಬೆರೆಸಿ, ಸಾಮಾನ್ಯವಾಗಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು ಅಳೆಯುವ ಯೂರಿಯೇಸ್ ಪ್ರಮಾಣವು ಮಣ್ಣಿನ ಸಾಮರ್ಥ್ಯವನ್ನು ತೋರಿಸುತ್ತದೆಯೇ ಹೊರತು, ಒಣಗಿದ ಇಳಿಜಾರಿನಲ್ಲಿ ನಿಜವಾಗಿ ನಡೆಯುವ ಕ್ರಿಯೆಯ ವೇಗವನ್ನಲ್ಲ.