ತಂಗಿಗೂ ನಾಟಕ 'ಕಾಣಿಸಬೇಕು'

ಪ್ರಶ್ನೆ: ನನ್ ತಂಗಿಗೆ ಕಣ್ಣು ಕಾಣಲ್ಲ, ಆದ್ರೆ ನಾಟಕ ಅಂದ್ರೆ ಪ್ರಾಣ. ಹೋದ್ಸಲ ಸ್ಟೇಜಲ್ಲಿ ಮಾತಿಲ್ದೆ ಏನೋ ನಡೀತು, ಎಲ್ರೂ ನಕ್ರು, ಇವ್ಳು ನನ್ ಕೈ ಹಿಡ್ಕೊಂಡು 'ಏನಾಯ್ತು?' ಅಂದ್ಲು. ಪಿಸುಮಾತಲ್ಲಿ ಹೇಳಿದ್ರೆ ಮುಂದಿನವ್ರು ಗದರಿದ್ರು. ಏನ್ ಮಾಡ್ಲಿ?

ಉತ್ತರ: ಓದಿ ಹೊಟ್ಟೆ ಚುರುಕ್ ಅಂತು. ಇದಕ್ಕೆ ಆಡಿಯೋ ಡಿಸ್ಕ್ರಿಪ್ಷನ್ ಅಂತ ಇದೆ, ಡೈಲಾಗ್ ಮಧ್ಯದ ಗ್ಯಾಪಲ್ಲಿ ಒಬ್ರು ಮೈಕಲ್ಲಿ 'ಅವನು ಪತ್ರ ಹರಿದ, ಅವಳು ಬಾಗಿಲ ಹತ್ರ ನಿಂತಳು' ಅಂತ ಹೇಳ್ತಾರೆ, ಅದು ಇಯರ್‌ಫೋನ್ ಹಾಕ್ಕೊಂಡೋರಿಗೆ ಮಾತ್ರ ಕೇಳ್ಸುತ್ತೆ. 1981ರಲ್ಲೇ ವಾಷಿಂಗ್ಟನ್‌ನ ಅರೀನಾ ಸ್ಟೇಜ್ ಥಿಯೇಟರಲ್ಲಿ ಶುರುವಾಗಿದ್ದು, ಹೊಸ ಕನಸೇನಲ್ಲ.

ಈ ಸೌಲಭ್ಯ ಇಲ್ದಿದ್ರೂ ತಂಡಕ್ಕೆ ಮೊದ್ಲೇ ಫೋನ್ ಮಾಡಿ, ಅರ್ಧ ಗಂಟೆ ಮುಂಚೆ ಸ್ಟೇಜಿಗೆ ಬಿಡಿ ಅಂತ ಕೇಳಿ. ಕಿರೀಟದ ಭಾರ, ಸೀರೆಯ ಜರಿ, ಎಷ್ಟು ಹೆಜ್ಜೆಗೆ ಕುರ್ಚಿ ಅಂತ ಅವ್ಳೇ ಮುಟ್ಟಿ ನೋಡ್ಲಿ, ನಟರು ತಮ್ಮ ಪಾತ್ರದ ದನಿಯಲ್ಲೇ ಒಂದ್ಸಲ ಪರಿಚಯ ಮಾಡ್ಕೊಳ್ಲಿ, ಆಮೇಲೆ ಯಾರು ಮಾತಾಡ್ತಿದಾರೆ ಅಂತ ಅವಳಿಗೆ ಥಟ್ಟಂತ ಗೊತ್ತಾಗುತ್ತೆ. ಟಿಕೆಟ್ ತಗೊಳ್ಳೋವಾಗ್ಲೇ ಇದನ್ನ ಹೇಳ್ಬಿಡಿ, ಸಂಕೋಚ ಬೇಡ, ಅವಳೂ ದುಡ್ಡು ಕೊಟ್ಟೇ ಬರೋ ಪ್ರೇಕ್ಷಕಿ.